ಮೊಸರಿನ ಮೇಲೆ ಹೊರಿಸಿದ ತಪ್ಪು

ಗಂಗಕ್ಕ, ಅಂದು ನಿಮ್ಮ ದನಿ ಒಡೆದದ್ದು ಮೊಸರಿನಿಂದಲ್ಲ. ಒಡೆಸಿದವನು ನಾನು — ಊರೂರು ತಿರುಗಿ ನಿಮ್ಮ ಹಾಡಿಗೆ ಹಾರ್ಮೋನಿಯಂ ನುಡಿಸಿದ ಈ ಕಮಲಾಪುರದ ಮಾಸ್ತರ. ಇಪ್ಪತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ಬಂದೆ.

ಕಾಲುವೆ ನೀರು ಬಂದು ಭತ್ತ, ಕಬ್ಬು ಜನರ ಕೈ ಹಿಡಿದ ಕಾಲ ಅದು. ಸುಗ್ಗಿ ಮುಗಿದರೆ ರೈತರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ಮಾತ್ರ ಕಂಪ್ಲಿಯಿಂದ ನೀವೇ ಬರಬೇಕು. ನಿಮ್ಮಷ್ಟು ಇಂಪಾಗಿ ಹಾಡುವವರು ಬೇರೆಯೂ ಇದ್ದರೇನೋ — ದನಿಯನ್ನು ನಿಮ್ಮಂತೆ ಸಾಕಿದವರನ್ನು ನಾನು ಕಂಡಿಲ್ಲ. ಬೆಳಗ್ಗೆ ಕಾಲುವೆ ದಂಡೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಕೆಳಗಿನ ಷಡ್ಜವನ್ನು ಮೆಲ್ಲಗೆ ಗುನುಗುವುದು. ಆಮೇಲೆ ಒಂದೊಂದೇ ಸ್ವರ ಮೇಲಕ್ಕೆ. ಎಲ್ಲೇ ಹಾಡುವುದಿರಲಿ, ಮುಂಚೆ ಹೀಗೆ ಅರ್ಧ ತಾಸು ಕಳೆಯದೆ ನೀವು ಬಾಯಿ ಬಿಡುತ್ತಿರಲಿಲ್ಲ. ಮೆಣಸು ಹಾಕಿ ಕುದಿಸಿದ ನೀರು, ದವಡೆಯಲ್ಲೊಂದು ಜ್ಯೇಷ್ಠಮಧುವಿನ ಚೂರು. ಗದ್ದೆಯಲ್ಲಿ ಉಳಿದ ಹೆಂಗಸರು ಹೋ ಎಂದು ಕೂಗಿ ಗುಬ್ಬಿ ಓಡಿಸುತ್ತಿದ್ದರೆ ನೀವು ದನಿ ದಣಿಯಬಾರದೆಂದು ಡಬ್ಬಿ ಬಡಿಯುತ್ತಿದ್ದಿರಿ. ರಾಣಿಯಮ್ಮ ಎಂದು ನಾನು ಛೇಡಿಸುತ್ತಿದ್ದೆ. ಒಳಗೊಳಗೇ ಕೈ ಮುಗಿಯುತ್ತಿದ್ದೆ, ಅದನ್ನು ಮಾತ್ರ ಹೇಳಲಿಲ್ಲ.

ಗದಗಿನ ಕಡೆಯ ದೊಡ್ಡ ನಾಟಕ ಕಂಪನಿಯ ಮಾಲೀಕರು ನಿಮ್ಮ ಹಾಡು ಕೇಳಲೆಂದೇ ಕಂಪ್ಲಿಗೆ ಬಂದರಲ್ಲ, ಆ ಮಧ್ಯಾಹ್ನ. ಮೆಚ್ಚಿದರೆ ನೀವು ಕಂಪನಿಯ ಕಾಯಂ ನಾಯಕಿ. ಹಾರ್ಮೋನಿಯಂಗೆ ಕಂಪನಿಯವರೇ ಇದ್ದರು, ನಾನು ಬೇಕಿರಲಿಲ್ಲ. ನೀವು ಹೋದರೆ ನನ್ನ ಹೊಟ್ಟೆಪಾಡೇನು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ — ನಿಮ್ಮ ದನಿ ನನ್ನ ಸೊತ್ತೆಂದೇ ತಿಳಿದಿದ್ದೆ.

ಮಾಲೀಕರು ಸಂಜೆಯವರೆಗೂ ಇರುವವರಿದ್ದರು. ನಾನು ಒಳಗೆ ಬಂದು, ಅವರಿಗೆ ಬಸ್ಸಿಗೆ ಹೊತ್ತಾಯಿತಂತೆ, ದೊಡ್ಡ ಹಾಡನ್ನು ಈಗಲೇ ಹಾಡಬೇಕಂತೆ ಎಂದೆ. ನೀವು ಆಗತಾನೇ ಗುನುಗಲು ಕೂತಿದ್ದಿರಿ.

"ದನಿ ಇನ್ನೂ ಎದ್ದಿಲ್ರಿ ಮಾಸ್ತರ," ಎಂದಿರಿ.

"ಏನಾಗಂಗಿಲ್ಲ ಬರ್ರಿ ಅಕ್ಕ, ನಾ ಅದೀನಲ್ಲ."

ನಾನಿದ್ದೆ — ಅದೇ ಕೇಡು. ನಿಮ್ಮ ಶ್ರುತಿಯನ್ನು ಹಾರ್ಮೋನಿಯಂನಲ್ಲಿ ಒಂದು ಮನೆ, ಅಂದರೆ ಅರ್ಧ ಸ್ವರ, ಮೇಲಕ್ಕೆ ಹಿಡಿದೆ. ಒಂದೇ ಮನೆ... ಗಾಬರಿಯಲ್ಲಿದ್ದ ನಿಮಗೆ ಗೊತ್ತಾಗಲಿಲ್ಲ, ನನ್ನನ್ನು ನಂಬಿ ಹಾಡಿದಿರಿ. ಮೇಲಿನ ಷಡ್ಜಕ್ಕೆ ಏರುವಾಗ ದನಿ ಸೀಳಿತು. ಮತ್ತೆ ಹಿಡಿಯಲು ಹೋದಿರಿ, ಮತ್ತೆ ಸೀಳಿತು. ಮಾಲೀಕರು ನನ್ನ ಮುಖ ನೋಡಿದರು. ಹಿಂದಿನ ದಿನ ಬೀಗರ ಮನೆಯಲ್ಲಿ ಬಲವಂತಕ್ಕೆ ಎರಡು ತುತ್ತು ಮೊಸರನ್ನ ಉಂಡೆ, ಎಲ್ಲಿ ಗಂಟಲು ಕಟ್ಟುತ್ತದೋ ಎಂದು ನೀವು ಬೆಳಗ್ಗೆ ಪೇಚಾಡಿಕೊಂಡಿದ್ದಿರಿ. ಅದು ನನ್ನ ನಾಲಿಗೆ ತುದಿಗೆ ಬಂತು.

"ನಿನ್ನೆ ಮೊಸರು ಉಂಡಾರ್ರಿ, ಅದಕ್ಕ ಹಿಂಗ," ಎಂದೆ, ನಿಮ್ಮೆದುರೇ.

ಅವರು ತಲೆಯಾಡಿಸಿ ಎದ್ದು ಹೋದರು. ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ ಎಂದುಕೊಂಡಿದ್ದೆ — ನೀವೋ ಆ ಮಾತನ್ನು ನಂಬಿಬಿಟ್ಟಿರಿ. ಅಂದಿನಿಂದ ಮೊಸರು ಬಿಟ್ಟಿರಿ, ಮಜ್ಜಿಗೆಯನ್ನೂ ಬಿಟ್ಟಿರಿ. ನಮ್ಮ ಕಡೆಯ ಬಿಸಿಲಿನಲ್ಲಿ ಮಜ್ಜಿಗೆ ಇಲ್ಲದೆ ಇಪ್ಪತ್ತು ಬೇಸಿಗೆ. ಒಂದು ಹನಿ ಕಣ್ಣೀರು ಹಾಕದೆ ಮರುದಿನ ಬೆಳಗ್ಗೆ ಮತ್ತೆ ದಂಡೆಯ ಮೇಲೆ ಕೂತು ಕೆಳಗಿನ ಷಡ್ಜ ಹಿಡಿದಿರಿ. ನಿಮ್ಮಂಥ ಗಟ್ಟಿ ಜೀವವನ್ನು ನಾನು ಎಲ್ಲೂ ನೋಡಿಲ್ಲ. ನಾನೋ, ಯಾರ ಮನೆಯ ಊಟದಲ್ಲಿ ಮೊಸರು ಬಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈಗ ನಿಮಗೆ ಅರವತ್ತು ದಾಟಿದೆ. ದನಿ ಇನ್ನೂ ಅಲುಗಾಡಿಲ್ಲ. ಹೋದ ವಾರ ಹಾಡು ಕಲಿಯಲು ಬಂದ ಹೆಣ್ಣುಮಕ್ಕಳಿಗೆ ನೀವು ಹೇಳುತ್ತಿದ್ದಿರಿ:

"ನಾಲಿಗಿ ಕಟ್ಟಲಿಲ್ಲ, ಕಂಪನಿ ಕಳಕೊಂಡೆ. ತಪ್ಪು ನಂದವ್ವ. ನೀವು ಹಂಗ ಮಾಡಬ್ಯಾಡ್ರಿ."

ನಾನು ಪಕ್ಕದಲ್ಲೇ ಹಾರ್ಮೋನಿಯಂನ ತಿದಿ ಒತ್ತುತ್ತಾ ಕೂತಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಗಂಗಕ್ಕ. ನಾನೇ ತಂದು, ಆ ಹೆಣ್ಣುಮಕ್ಕಳನ್ನೂ ಕೂರಿಸಿ, ಓದುತ್ತೇನೆ. ಓದಿದ ಮೇಲೆ ಎದ್ದು ಹೋಗು ಎಂದರೆ ಹೋಗುತ್ತೇನೆ. ಅಂದು ನಿಮ್ಮ ನಾಲಿಗೆ ತಪ್ಪಿರಲಿಲ್ಲ, ನಿಮ್ಮ ದನಿಯೂ ತಪ್ಪಿರಲಿಲ್ಲ — ಇದನ್ನು ನೀವು ನನ್ನ ಬಾಯಿಂದಲೇ ಕೇಳಬೇಕು.