ಪಬ್ ಮೇಲಿನ ಗ್ರ್ಯಾಂಡ್ ರೂಮು

ಐರ್ಲೆಂಡಿಗೆ ಬಂದ ಅಮ್ಮನಿಗೆ ಟಾಲಾದ ನಮ್ಮ ಮನೆ ಬೇಗ ಬೇಜಾರಾಯಿತು. ನಾನೂ ನನ್ನ ಗಂಡನೂ ಆಸ್ಪತ್ರೆ ಕೆಲಸಕ್ಕೆ, ಮಗಳು ಸ್ಕೂಲಿಗೆ. "ಟಿಕೆಟ್ ಮುಂಚೆಗೆ ಹಾಕಿಸ್ಬಿಡು, ಊರಿಗೆ ಹೊರಟುಬಿಡ್ತೀನಿ" ಎಂದು ದಿನಾ ರಾಗ ಎಳೆಯತೊಡಗಿದಳು. ಅವಳನ್ನು ಕಳಿಸಲು ನನಗೆ ಸುತರಾಂ ಇಷ್ಟವಿರಲಿಲ್ಲ. ಮನಸ್ಸು ಬದಲಾದೀತೆಂದು ವಾರಾಂತ್ಯಕ್ಕೆ ಒಂದು ಸಂತೆಯೂರಿನಲ್ಲಿ ರೂಮು ಹಿಡಿದೆ. ಹೋಟೆಲುಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತಿತ್ತು. ಕೈಗೆಟುಕಿದ್ದು ಒಂದು ಪಬ್ಬಿನ ಮೇಲಿನ ರೂಮು.

"ರೂಮು ಹೆಂಗೈತಂತೆ?" ಎಂದು ಅಮ್ಮ ಮೊಮ್ಮಗಳನ್ನು ಕೇಳಿದಳು. ಇಲ್ಲೇ ಹುಟ್ಟಿದ ನನ್ನ ಮಗಳು ಫೋಟೋ ನೋಡಿ, "ಇಟ್ಸ್ ಗ್ರ್ಯಾಂಡ್, ಅಜ್ಜಿ" ಎಂದಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಪರವಾಗಿಲ್ಲ, ನಡೆಯುತ್ತದೆ ಎಂದಷ್ಟೇ. ಅಮ್ಮನ ಗ್ರ್ಯಾಂಡ್ ಬೇರೆ: ಕಲ್ಯಾಣ ಮಂಟಪ, ಸೀರಿಯಲ್ ಲೈಟು, ಎರಡು ಬಗೆಯ ಪಾಯಸ. ಮೈಸೂರು ಸಿಲ್ಕ್ ಸೀರೆ ಉಟ್ಟು, ಕಾಸಿನ ಸರ ಹಾಕಿಕೊಂಡೇ ಬಸ್ಸು ಹತ್ತಿದಳು. ಯಾಕೆಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ರೂಮಿನಲ್ಲಿ ಮಂಚಗಳು, ಕುರ್ಚಿ, ನೀರು ಕಾಯಿಸುವ ಕೆಟಲ್. ಕೆಳಗಿನಿಂದ ಬಿಯರ್ ವಾಸನೆ.

"ಇದೇನೇ, ಬಾರ್ ಮೇಲೆ ತಂದು ಕೂರಿಸಿದೀಯಾ! ಗ್ರ್ಯಾಂಡ್ ಅಂದ್ಳಲ್ಲೇ ನಿನ್ನ ಮಗಳು!"

ಅರ್ಥ ಬಿಡಿಸಿ ಹೇಳಿದೆ. ಅಮ್ಮ ಮುಖ ಊದಿಸಿಕೊಂಡು ಕೂತಳು. ಇನ್ನು ಟಿಕೆಟ್ ಹಾಕಿಸುವುದೇ ಸೈ ಎಂದುಕೊಂಡೆ.

ಅಷ್ಟರಲ್ಲಿ ಪಬ್ಬಿನ ಒಡತಿ, ಅಮ್ಮನದೇ ವಯಸ್ಸಿನ ಹೆಂಗಸು, ಬಾಗಿಲು ತಟ್ಟಿ ಚಹಾಕ್ಕೆ ಕರೆದಳು. ಸೀರೆ ನೋಡಿದವಳೇ ಯಾರ ಮದುವೆ ಎಂದು ಕೇಳಿದಳು. ಸೀರೆ ಹೊಗಳಿದವರ ಮೇಲೆ ಅಮ್ಮ ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ. ಇಳಿದು ಹೋದಳು.

ಮಗಳನ್ನು ಊರು ಸುತ್ತಿಸಿಕೊಂಡು ಬಂದು ನೋಡಿದರೆ ಇಬ್ಬರೂ ಬೆಂಕಿಯ ಮುಂದೆ ಕಾಲು ಚಾಚಿ ಕೂತಿದ್ದಾರೆ. ಅಮ್ಮನ ಇಂಗ್ಲಿಷ್ ಆಕೆಗೆ ಅರ್ಧ ಅರ್ಥ, ಆಕೆಯ ಇಂಗ್ಲಿಷ್ ಅಮ್ಮನಿಗೆ ಕಾಲು. ಆದರೂ ಮಂಡಿನೋವು ಮುಗಿದು ಸೊಸೆಯರವರೆಗೆ ಬಂದಿತ್ತು ಮಾತು.

"ಇವರ ಸೊಸೇನೂ ಫೋನೇ ಮಾಡಲ್ವಂತೆ ಕಣೇ!" ಎಂದಳು ಅಮ್ಮ, ಪರಮ ಸಂತೋಷದಿಂದ.

ಭಾನುವಾರ ನಾನು ಬ್ಯಾಗು ಕಟ್ಟುತ್ತಿದ್ದರೆ ಅಮ್ಮ ಮಂಚ ಬಿಟ್ಟು ಏಳಲಿಲ್ಲ.

"ನಿಂಗೆ ನಾಳೆ ಡ್ಯೂಟಿ ಐತಲ್ಲ, ನೀವು ಹೊರಡಿ. ನಾನಿನ್ನೆರಡು ದಿನ ಇದ್ದು ಬರ್ತೀನಿ."

"ಇಲ್ಲೇನಾ? ಒಬ್ಬಳೇನಾ?"

"ಒಬ್ಬಳೇ ಇರೋದು ನಿಮ್ಮನೇಲಿ ಕಣೇ."

ಚುರುಕ್ಕೆಂದಿತು. ಕೆಳಗಿಳಿದು ಹೋಗಿ ರೂಮನ್ನು ಇನ್ನೆರಡು ದಿನಕ್ಕೆ ಹೇಳಿ ಬಂದೆ.