ಗಿರಣಿಯ ಶೀಟು, ಕೋರ್ಟಮ್ಮನ ಕಾರು

ಶರಾವತಿಯವರನ್ನು ಕೇರಿಯವರೆಲ್ಲ ಕೋರ್ಟಮ್ಮ ಎಂದೇ ಕರೆಯುತ್ತಿದ್ದರು. ತೀರ್ಥಹಳ್ಳಿಯ ಕೋರ್ಟಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದವರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಅದೇ ಕಿಟಕಿಯ ಪಕ್ಕ ಕೂತು ಕೆಲಸ ಮಾಡಿ ನಿವೃತ್ತರಾದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿರಲಿಲ್ಲ. ಮಂಡಗದ್ದೆಯಲ್ಲಿ ಅಣ್ಣ ಮಂಜಯ್ಯನ ಸಂಸಾರವಿತ್ತು. ಹಬ್ಬಕ್ಕೆ ಕರೆದರೆ ಹೋಗಿ, ಉಂಡು, ಕತ್ತಲಾಗುವ ಮೊದಲೇ ಹೊರಟುಬಿಡುತ್ತಿದ್ದರು.

ಅವರು ಕಾರು ಕೊಂಡದ್ದು ಐವತ್ತು ದಾಟಿದ ಮೇಲೆ. ಯಾರೋ ಓಡಿಸಿ ಬಿಟ್ಟಿದ್ದ ಸಣ್ಣ ಬಿಳಿ ಕಾರು. ಕಾಲೇಜು ಮೈದಾನದಲ್ಲಿ ಸುತ್ತು ಹೊಡೆದು ಕಲಿತರು. ಕೇರಿಯ ಗಂಡಸರು ಬೇಲಿಗೆ ಆತುಕೊಂಡು ನೋಡಿ ನಗುತ್ತಿದ್ದರು. ಕೋರ್ಟಮ್ಮನ ಪಕ್ಕದಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲದಿದ್ದಾಗ ಮೊದಲು ಬಾಗಿಲು ತೆಗೆದು ಕೂತವರು ಪಕ್ಕದ ಮನೆಯ ವೆಂಕಮ್ಮ. "ಹೊಡಿ ಶರಾವತಿ, ಸತ್ರೆ ಇಬ್ರೂ ಒಟ್ಟಿಗೇ ಹೋಗದು" ಎಂದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ವೆಂಕಮ್ಮನ ಗಂಡ ಜಯಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಶರಾವತಿಯವರ ಮನೆಗೂ ಜಯಪ್ಪನವರ ಮನೆಗೂ ನಡುವೆ ಇದ್ದದ್ದು ಆ ಗಿರಣಿಯ ಗೋಡೆ ಒಂದೇ. ತಮ್ಮ ಗೇಟು ಕಿರಿದಾದ್ದರಿಂದ ಶರಾವತಿ ಕಾರನ್ನು ಗಿರಣಿ ಗೋಡೆಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಮೇಲೆ ಹಾರಿ ಕೂರುವ ಹಿಟ್ಟಿನ ಧೂಳನ್ನು ವೆಂಕಮ್ಮನೇ ಬಂದು ಒರೆಸಿಬಿಡುತ್ತಿದ್ದರು.

ಆಮೇಲೆ ವೆಂಕಮ್ಮನಿಗೆ ಮೂತ್ರಪಿಂಡದ ಕಾಯಿಲೆ ಹಿಡಿಯಿತು. ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರಬೇಕಿತ್ತು. ಬಸ್ಸಿನ ಕುಲುಕಾಟ ಅವರಿಗೆ ಆಗುತ್ತಿರಲಿಲ್ಲ. ಒಬ್ಬಳೇ ಮಗಳು ಲಿಖಿತಾ ಸಾಗರದಲ್ಲಿ ಗಂಡನ ಮನೆಯಲ್ಲಿದ್ದಳು. ಶರಾವತಿ ಮೊದಮೊದಲು ಕೋರ್ಟಿಗೆ ರಜೆ ಹಾಕಿ, ನಿವೃತ್ತಿಯ ನಂತರ ರಜೆಯ ತಾಪತ್ರಯವೂ ಇಲ್ಲದೆ, ತಾವೇ ಕರೆದುಕೊಂಡು ಹೋಗಿ ಬಂದರು. ಮುಂದಿನ ಸೀಟಿನಲ್ಲಿ ವೆಂಕಮ್ಮ, ಹಿಂದೆ ಫ್ಲಾಸ್ಕು ಹಿಡಿದ ಜಯಪ್ಪ. ಆಗುಂಬೆಯಲ್ಲಿ ಚಾ. ಘಾಟಿಯ ಪ್ರತಿ ತಿರುವಿನಲ್ಲೂ ವೆಂಕಮ್ಮನಿಗೆ ಹೇಳಲು ಏನಾದರೂ ಇರುತ್ತಿತ್ತು. ಮಂಗನ ಮರಿ ಇರಬಹುದು, ತವರಿನ ಜಗಳ ಇರಬಹುದು. ಇಷ್ಟು ಮಾತು ಶರಾವತಿಯವರ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

ಒಂದು ಆಷಾಢದ ಬೆಳಿಗ್ಗೆ ವೆಂಕಮ್ಮನಿಗೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸು ಬೇರೆಲ್ಲಿಗೋ ಹೋಗಿತ್ತು. ಕಾಯುವುದು ಬೇಡವೆಂದು ಕಾರಿನಲ್ಲೇ ಮಣಿಪಾಲಕ್ಕೆ ಹೊರಟರು. ಆಗುಂಬೆ ಘಾಟಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಾನೆಟ್ಟಿನ ಆಚೆಗೆ ರಸ್ತೆಯೇ ಇರಲಿಲ್ಲ. ಶರಾವತಿ ಒಂದೊಂದೇ ತಿರುವನ್ನು ತಡಕಾಡುತ್ತಾ ಇಳಿಸಿದರು. ಹಿಂದಿನಿಂದ ಜಯಪ್ಪ, "ಸ್ವಲ್ಪ ಬೇಗ, ಸ್ವಲ್ಪ ಬೇಗ" ಎನ್ನುತ್ತಲೇ ಇದ್ದರು. ಸೋಮೇಶ್ವರ ಮುಟ್ಟುವಷ್ಟರಲ್ಲಿ ಮುಂದಿನ ಸೀಟಿನ ಉಸಿರು ನಿಂತಿತ್ತು. ಹೆಬ್ರಿಯ ಡಾಕ್ಟರು ಕಾರಿನ ಬಳಿಗೇ ಬಂದು ಕೈ ಹಿಡಿದು ನೋಡಿ, ತಲೆಯಾಡಿಸಿ ಒಳಗೆ ಹೋದರು. ಮೂವರೂ ಅದೇ ಘಾಟಿ ಹತ್ತಿ ವಾಪಸು ಬಂದರು.

ಕಾರ್ಯವೆಲ್ಲ ಮುಗಿದ ಮೇಲೆ ಜಯಪ್ಪ ಶರಾವತಿಯವರ ಜೊತೆ ಮಾತು ಬಿಟ್ಟರು. ಜಗಳವೇನೂ ಆಗಿರಲಿಲ್ಲ. ಎದುರಿಗೆ ಸಿಕ್ಕರೆ ಪಕ್ಕಕ್ಕೆ ಸರಿಯುತ್ತಿದ್ದರು, ಅಷ್ಟೆ. ಗಿರಣಿಯನ್ನೂ ನಿಲ್ಲಿಸಿಬಿಟ್ಟರು. ತಾನು ನಿಧಾನ ಓಡಿಸಿದ್ದಕ್ಕೇ ಹೀಗೆ ಎಂದು ಶರಾವತಿ ಎಣಿಸಿಕೊಂಡರು. ಹಾಗಲ್ಲ ಎಂದು ಹೇಳಬಹುದಾಗಿದ್ದ ವೆಂಕಮ್ಮನೇ ಈಗ ಇರಲಿಲ್ಲ. ಕಾರು ಹೊರಗೆ ಹೋಗುವುದು ಅಪರೂಪವಾಯಿತು. ಓಡದ ಗಾಡಿಗೆ ಯಾಕೆಂದು ವಿಮೆಯನ್ನೂ ಸ್ವಂತ ಗಾಡಿಯ ನಷ್ಟಕ್ಕೆ ಏನೂ ಕೊಡದ ಥರ್ಡ್ ಪಾರ್ಟಿಗೆ ಇಳಿಸಿದರು.

ಹೀಗೆ ಎರಡು ಮಳೆಗಾಲ ಕಳೆಯಿತು. ಮುಂದಿನ ಬೇಸಿಗೆಯ ಕೊನೆಗೆ, ಒಂದು ಮಧ್ಯಾಹ್ನ, ಬಿಸಿಲಿದ್ದಂತೆಯೇ ಗಾಳಿ ಎದ್ದಿತು. ಶರಾವತಿ ಅಂಗಳದ ಬಟ್ಟೆ ತೆಗೆದು ಒಳಗೆ ಬಂದು ಕಿಟಕಿ ಹಾಕುವಷ್ಟರಲ್ಲಿ ಆಲಿಕಲ್ಲು ಸುರಿಯತೊಡಗಿತು. ಗಿರಣಿಯ ಮಾಡಿನ ಮೇಲಿನ ಶೀಟು ಒಂದು ಬದಿಯಿಂದ ಎದ್ದು ಪಟಪಟ ಬಡಿದುಕೊಳ್ಳುವುದು ಕಾಣಿಸಿತು. ನೋಡಿಕೊಳ್ಳುವವರಿಲ್ಲದೆ ಅದರ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಒಂದೇ ಬೀಸಿಗೆ ಅಷ್ಟುದ್ದದ ಶೀಟು ಕಿತ್ತು ಬಂದು ಕಾರಿನ ಮೇಲೆ ಅಡ್ಡಲಾಗಿ ಬಿತ್ತು. ಮುಂದಿನ ಗಾಜು ಪುಡಿಯಾಯಿತು. ಕಾರಿನ ತಲೆ ನಡುವೆ ತಗ್ಗಿಹೋಯಿತು.

ಮಳೆ ನಿಂತ ಮೇಲೆ ಕೇರಿಯೆಲ್ಲ ಬಂದು ನೋಡಿತು. "ಅಯ್ಯೋ ಕೋರ್ಟಮ್ಮಾ, ನೀವು ಒಳಗಿರ್ಲಿಲ್ಲ, ಪುಣ್ಯ" ಎಂದರು. ಫೋಟೋ ತೆಗೆದುಕೊಂಡರು. ಕರೆಂಟು ಯಾವಾಗ ಬರುತ್ತದೋ ಎಂದು ಮಾತಾಡುತ್ತಾ ಹೊರಟುಹೋದರು. ಶರಾವತಿ ಅಣ್ಣನಿಗೆ ಫೋನು ಮಾಡಿದರು.

"ನಿಂಗೆ ಎಂಥದೂ ಆಗ್ಲಿಲ್ಲ ಅಲ್ಲನಾ?" ಎಂದರು ಮಂಜಯ್ಯ.

"ಇಲ್ಲ."

"ಮತ್ತೆಂಥ! ಮಾರಿ ಹಾಕು ಅದನ್ನ. ಈ ವಯಸ್ಸಲ್ಲಿ ಕಾರು ಇಟ್ಕಂಡು ನೀ ಯಾರನ್ನ ಕೂರಿಸ್ಕಂಡು ಹೋಗದು?"

ಮಂಜಯ್ಯ ನೋಯಿಸಬೇಕೆಂದು ಹೇಳಿದ ಮಾತಲ್ಲ ಅದು. ಶರಾವತಿ "ಆತು" ಎಂದು ಫೋನಿಟ್ಟರು. ವಿಮೆಯವರು ತಮಗೆ ಸಂಬಂಧವಿಲ್ಲ ಎಂದರು. ಇನ್ನು ಕೇಳಬೇಕಾದವರು ಒಬ್ಬರೇ.

ಶರಾವತಿ ಹೋಗಿ ಪಕ್ಕದ ಬಾಗಿಲು ತಟ್ಟಿದರು. ಜಯಪ್ಪ ಅರ್ಧ ಬಾಗಿಲು ತೆಗೆದು ನಿಂತರು. ಬನಿಯನ್ ನೆನೆದಿತ್ತು. ಅಡುಗೆಮನೆಯ ಮೇಲಿನ ಶೀಟೂ ಹಾರಿಹೋಗಿ ಒಳಗೆಲ್ಲ ನೀರು ನಿಂತಿತ್ತು.

"ಜಯಪ್ಪಣ್ಣ, ನಿಮ್ಮ ಶೀಟು ನನ್ನ ಕಾರಿನ ಮೇಲೆ ಬಿದ್ದದೆ."

"ಕಂಡೆ." ಅವರು ನೆಲ ನೋಡುತ್ತಲೇ ಹೇಳಿದರು. "ಗಾಳಿಗೆ ನಾ ಎಂಥ ಮಾಡಕ್ಕಾಗ್ತದೆ?"

"ಒಂದ್ಸಲ ಬಂದು ನೋಡಿ. ತೆಗ್ಯಕ್ಕಾದ್ರೂ ಒಂದು ಕೈ ಹಾಕಿ."

"ಈಗ ತೆಗೀಬೇಡಿ ಶರಾವತಮ್ಮ. ತಾಲ್ಲೂಕು ಕಚೇರಿಯವ್ರು ಬಂದು ಫೋಟೋ ತೆಗಿಬೇಕಂತೆ. ಶೀಟು ಎಲ್ಲಿ ಬಿದ್ದದೋ ಅಲ್ಲೇ ಇರ್ಬೇಕಂತೆ. ಇಲ್ದಿದ್ರೆ ನಂಗೆ ಪರಿಹಾರ ಸಿಗಲ್ಲ."

ಬಾಗಿಲು ಮುಚ್ಚಿತು. ಎರಡು ವರ್ಷದಲ್ಲಿ ಜಯಪ್ಪ ಅವರೊಡನೆ ಆಡಿದ ಮೊದಲ ಮಾತು ಅದಾಗಿತ್ತು.

ಶರಾವತಿ ಕೋರ್ಟಿನಲ್ಲಿ ಟೈಪು ಮಾಡಿದ್ದರಲ್ಲಿ ನೆರೆಹೊರೆಯ ವ್ಯಾಜ್ಯಗಳೇ ಹೆಚ್ಚು. ಬೇಲಿ, ಬಚ್ಚಲ ನೀರು, ವಾಲಿದ ತೆಂಗಿನಮರ. ಅಣ್ಣತಮ್ಮಂದಿರಂತೆ ಇದ್ದವರು ಕಟಕಟೆ ಹತ್ತಿ, ಕೂದಲು ನರೆಯುವವರೆಗೆ ತಾರೀಖಿಗೆ ಬಂದು ಹೋಗುವುದನ್ನು ಕಂಡಿದ್ದರು. ನೋಟೀಸು ಹೇಗೆ ಬರೆಯಬೇಕೆಂದು ಅವರಿಗೆ ಬಾಯಿಪಾಠ ಬರುತ್ತಿತ್ತು. ಬರೆಯಲಿಲ್ಲ. ಹಾಗೆಂದು ಸಿಟ್ಟು ಇರಲಿಲ್ಲ ಎಂದಲ್ಲ. ಸಂಜೆ ಸಂಜೆಗೆ ಮತ್ತೆ ಮಳೆ ಬಂತು. ಶೀಟು ಅಡ್ಡ ಇದ್ದುದರಿಂದ ಟಾರ್ಪಾಲು ಹೊದೆಸಲೂ ಆಗದೆ, ಒಡೆದ ಗಾಜಿನೊಳಗಿಂದ ನೀರು ಮುಂದಿನ ಸೀಟಿನ ಮೇಲೆ ಬೀಳುವುದನ್ನು ಕಿಟಕಿಯಿಂದ ನೋಡುತ್ತಾ ಕೂತರು. ವೆಂಕಮ್ಮ ಕೂರುತ್ತಿದ್ದ ಸೀಟು. ಅದನ್ನು ಅವರು ಹಿಂದಕ್ಕೆ ವಾಲಿಸಿದ್ದು ಹಾಗೆಯೇ ಇತ್ತು.

ತಾಲ್ಲೂಕು ಕಚೇರಿಯಿಂದ ಬಂದವಳು ಧನ್ಯಶ್ರೀ ಎಂಬ ಹುಡುಗಿ. ಪಾಪ, ಊರೆಲ್ಲ ಸುತ್ತಿ ಬಂದು ಚಪ್ಪಲಿ ತುಂಬ ಕೆಸರಾಗಿತ್ತು. ಮಾಡು, ಅಡುಗೆಮನೆ, ಕಾರಿನ ಮೇಲೆ ಬಿದ್ದ ಶೀಟು ಎಲ್ಲದರ ಫೋಟೋ ತೆಗೆದು ಮಹಜರು ಬರೆದಳು. ಪಕ್ಕದ ಮನೆಯವರ ಸಾಕ್ಷಿ ಬೇಕೆಂದಳು. ಶರಾವತಿ ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

"ಕೆಳಗಿರೋ ಕಾರಿಗೆ ಏನಾದ್ರೂ ಉಂಟಾ?" ಎಂದು ಕೇಳಿದರು.

"ಮನೆ, ದನ, ಬೆಳೆ ಇವಕ್ಕೆ ಉಂಟು ಮೇಡಂ. ಕಾರಿಗೆ ಇಲ್ಲ" ಎಂದು ಹುಡುಗಿ ಸಂಕೋಚಪಟ್ಟು ಹೇಳಿ, ಮುಂದಿನ ಮನೆಗೆ ಹೋದಳು.

ಆಮೇಲೆ ಇಬ್ಬರೂ ಶೀಟಿನ ಒಂದೊಂದು ತುದಿ ಹಿಡಿದು ಎತ್ತಿದರು. ಗೋಡೆಗೆ ಒರಗಿಸಿ ನಿಲ್ಲಿಸಿದರು. ಜಯಪ್ಪ ಇಷ್ಟು ಹೊತ್ತೂ ಕಾರಿನತ್ತ ಮುಖ ತಿರುಗಿಸಿರಲಿಲ್ಲ ಎಂಬುದು ಶರಾವತಿಯವರ ಗಮನಕ್ಕೆ ಬಂತು. ಎರಡು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಅವರು ಆಗ ಕೇಳಿಬಿಟ್ಟರು.

"ಜಯಪ್ಪಣ್ಣ, ಅವತ್ತು ನಾ ನಿಧಾನ ಹೊಡ್ದೆ ಅಂತನಾ ಈ ಸಿಟ್ಟು?"

ಜಯಪ್ಪ ಬೆಚ್ಚಿದಂತೆ ತಲೆಯೆತ್ತಿದರು. "ನೀವಾ? ಛೇ. ಬೇಗ ಹೊಡ್ದಿದ್ರೆ ಮೂರೂ ಜನ ಪ್ರಪಾತದಲ್ಲಿ ಇರ್ತಿದ್ವಿ. ನಂಗೆ ಗೊತ್ತಿಲ್ವಾ?" ಕೈಗೆ ಹತ್ತಿದ ತುಕ್ಕನ್ನು ಉಜ್ಜಿಕೊಂಡರು. "ಈ ಕಾರು ಕಂಡ್ರೆ ಆಗಲ್ಲ ನಂಗೆ. ಬೆಳಿಗ್ಗೆ ಬಾಗ್ಲು ತೆಗುದ್ರೆ ಇದೇ ಕಾಣ್ತದೆ. ಅವಳು ಅಲ್ಲೇ ಕೂತಂಗೆ. ಆಚೆ ನಿಲ್ಸಿ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ. ಅಷ್ಟು ಮಾಡಿದ್ದೀರಿ ನೀವು ಅವಳಿಗೆ. ಹೆಂಗೆ ಹೇಳದು?" ಗೋಡೆಗೆ ಒರಗಿಸಿದ್ದ ಶೀಟಿನತ್ತ ಕೈ ತೋರಿಸಿದರು. "ಮೊನ್ನೆ ಶೀಟು ಬಿದ್ದಾಗ ಒಂದು ಗಳಿಗೆ ನಂಗೆ ಸಮಾಧಾನ ಆತು, ಶರಾವತಮ್ಮ. ಇನ್ನು ಇದು ಹೋಗ್ತದೆ ಅಂತ. ಅದ್ಕೇ ನಿಮ್ಮ ಮುಖ ನೋಡಕ್ಕಾಗ್ಲಿಲ್ಲ."

ಶರಾವತಿಯವರ ಪಾಲಿಗೆ ವೆಂಕಮ್ಮ ಉಳಿದಿದ್ದುದೇ ಆ ಸೀಟಿನಲ್ಲಿ. ಅದನ್ನು ಹೇಳಲು ಹೋದವರು ಜಯಪ್ಪನವರ ಮುಖ ನೋಡಿ, "ಒಳಗೆ ನೀರು ನಿಂತಿದ್ಯಲ್ಲ, ಊಟಕ್ಕೆ ಎಂಥ ಮಾಡ್ತೀರಿ?" ಎಂದಷ್ಟೇ ಕೇಳಿದರು. ಆ ದಿನ ಮಧ್ಯಾಹ್ನ ಅನ್ನ, ಸಾರು ಮುಚ್ಚಿದ ಪಾತ್ರೆಯಲ್ಲಿ ಪಕ್ಕದ ಮನೆಗೆ ಹೋಯಿತು. ಸಂಜೆಗೆ ತೊಳೆದ ಪಾತ್ರೆ ಶರಾವತಿಯವರ ಜಗುಲಿಯ ಮೇಲೆ ವಾಪಸು ಬಂದಿತ್ತು.

ಗ್ಯಾರೇಜಿನ ರಾಜು ಕಾರನ್ನು ಎಳೆದುಕೊಂಡು ಹೋದ. ತಗ್ಗಿದ ತಲೆಯನ್ನು ಬಡಿದು ಎತ್ತಿದ, ಬಣ್ಣ ಹಚ್ಚಿದ. ಮಳೆಗೆ ಕೊಳೆತ ಮುಂದಿನ ಸೀಟಿನ ಬಗ್ಗೆ, "ಇದು ಆಗಲ್ಲ ಮೇಡಂ, ಬೇರೆ ಹಾಕಿದ್ದೀನಿ" ಎಂದ. ಹಳೆಯದು ಎಲ್ಲಿ ಎಂದು ಶರಾವತಿ ಕೇಳಿದರು. ಗುಜರಿಯವನು ಬಂದು ಒಯ್ದಾಗಿತ್ತು. ಗಾಜಿನ ದುಡ್ಡನ್ನು ಜಯಪ್ಪ ಬಂದು ಕೊಟ್ಟುಹೋದರು, ನಿಮಗೆ ಹೇಳಬಾರದು ಅಂದಿದ್ದರು ಎಂದೂ ರಾಜು ಹೇಳಿದ.

ಅವತ್ತಿನಿಂದ ಶರಾವತಿ ಕಾರನ್ನು ಕೇರಿಯ ತುದಿಯ ಸೊಸೈಟಿ ಕಟ್ಟಡದ ಹಿಂದೆ ನಿಲ್ಲಿಸತೊಡಗಿದರು. ಅಲ್ಲಿಂದ ಮನೆಗೆ ಕೊಡೆ ಹಿಡಿದು ನಡೆದು ಬರುವಾಗ ಜಯಪ್ಪ ಜಗುಲಿಯಲ್ಲಿದ್ದರೆ, "ಬಂದ್ರಾ?" ಎನ್ನುತ್ತಿದ್ದರು. "ಹ್ಞೂಂ, ಬಂದೆ" ಎನ್ನುತ್ತಿದ್ದರು ಶರಾವತಿ. ಮಾತು ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಆದರೂ ಮನೆಗೆ ಬಂದದ್ದನ್ನು ಒಬ್ಬರು ಕೇಳಿದಂತಾಗುತ್ತಿತ್ತು.

ದೀಪಾವಳಿಗೆ ಮೊದಲು ಲಿಖಿತಾ ಬಂದು ಅಪ್ಪನನ್ನು ಸಾಗರಕ್ಕೆ ಕರೆದುಕೊಂಡು ಹೋದಳು. ಗಿರಣಿಯ ಯಂತ್ರವನ್ನು ಯಾರೋ ಕೊಂಡುಕೊಂಡರು. ಹೊರಡುವಾಗ ಜಯಪ್ಪ ಗೇಟಿನ ಬಳಿ ಬಂದು ನಿಂತು, "ಇನ್ನು ಕಾರು ಇಲ್ಲೇ ನಿಲ್ಸಿ. ಪಾಪ, ಅಷ್ಟು ದೂರ ನಡೀಬೇಡಿ" ಎಂದರು.

"ಆತು" ಎಂದರು ಶರಾವತಿ.

ಮರುದಿನ ಕಾರನ್ನು ತಂದು ಹಳೆಯ ಜಾಗದಲ್ಲಿ ನಿಲ್ಲಿಸಿದರು. ಇಳಿಯದೆ ಸ್ವಲ್ಪ ಹೊತ್ತು ಒಳಗೇ ಕೂತಿದ್ದರು. ಹೊಸ ಸೀಟಿನಿಂದ ಇನ್ನೂ ರೆಕ್ಸಿನ್ ವಾಸನೆ ಬರುತ್ತಿತ್ತು. ಆಮೇಲೆ ಬೀಗ ಹಾಕಿ, ಒಳಗೆ ಹೋಗಿ ಒಬ್ಬರಿಗಾಗುವಷ್ಟು ಅಕ್ಕಿ ತೊಳೆದರು.