ಹೂವಿನಂಥ ಸ್ಟೇರಿಂಗ್

ನಮ್ಮ ಅಪ್ಪ ಒಂದು ವರ್ಷದಲ್ಲಿ ಮುದುಕನಾದ, ಒಂದೇ ಮಧ್ಯಾಹ್ನದಲ್ಲಿ ಮತ್ತೆ ಮೊದಲಿನಂತಾದ. ನಡುವೆ ನಡೆದದ್ದಕ್ಕೆಲ್ಲ ಒಂದು ಜೀಪು ಕಾರಣ, ಜೀಪಿಗಿಂತ ಹೆಚ್ಚು ಗಂಡಸರ ಮೀಸೆ ಕಾರಣ. ಇದನ್ನು ಹೇಳಿದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಖಾನಾಪುರದವರು, ಎಮ್ಮೆ ಸಾಕಿ ಬದುಕಿದ ಮನೆತನ. ಅವ್ವ ಎಮ್ಮೆ ಹಿಂಡಿ ಖೋವಾ ಕಾಯಿಸುತ್ತಿದ್ದಳು. ಅಪ್ಪ ಕಾಡಂಚಿನ ಹಳ್ಳಿಗಳಿಂದಲೂ ಖೋವಾ ಕೂಡಿಸಿಕೊಂಡು ಬೆಳಗಾವಿಯ ಮಿಠಾಯಿ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ನಾನು ಊರಿನ ಶಾಲೆಯಲ್ಲಿ ಟೀಚರು. ಇನ್ನೂ ಮದುವೆಯಾಗಿರಲಿಲ್ಲ, ಬಾಯಿ ಮಾತ್ರ ಜೋರಿತ್ತು.

ಮಳೆಗಾಲದಲ್ಲಿ ಆ ಹಳ್ಳಿಗಳಿಗೆ ಹೋಗಬೇಕೆಂದರೆ ಹಳ್ಳ ದಾಟಬೇಕು, ಕೆಸರಿನಲ್ಲಿ ನಾಲ್ಕೂ ಗಾಲಿ ಎಳೆಯಬೇಕು. ಅದಕ್ಕೇ ಅಪ್ಪ ಮಿಲಿಟರಿ ಹರಾಜಿನಲ್ಲಿ ಒಂದು ಹಳೇ ಜೀಪು ಹಿಡಿದಿದ್ದ. ಪವರ್ ಸ್ಟೇರಿಂಗ್ ಎಂಬ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಪವರ್ ಏನಿದ್ದರೂ ಗಾಡಿ ಹೊಡೆಯುವವನ ತೋಳಿನಲ್ಲಿರಬೇಕು. ಅಪ್ಪನ ತೋಳಿನಲ್ಲಿ ಅದು ಬೇಕಾದಷ್ಟಿತ್ತು. ಹರೆಯದಲ್ಲಿ ಕುಸ್ತಿ ಹಿಡಿದವನು. ಐವತ್ತು ದಾಟಿದ ಮೇಲೂ ಎಲ್ಲರೂ ಅವನನ್ನು ಪೈಲವಾನರು ಅಂತಲೇ ಕರೆಯುತ್ತಿದ್ದರು.

ಒಂದು ಮಳೆಗಾಲದ ಹೊತ್ತಿಗೆ ಜೀಪಿನ ಮುಂದಿನ ಗಾಲಿಗಳು ಗಡಗಡ ನಡುಗತೊಡಗಿದವು. ಅಪ್ಪ ಗಾಡಿಯನ್ನು ಬೆಳಗಾವಿಯ ಖಾಸಬಾಗದ ಗ್ಯಾರೇಜಿಗೆ ಒಯ್ದ. ಅಲ್ಲಿಯ ಮೆಕ್ಯಾನಿಕ್ ಅಪ್ಪನ ಹಳೇ ದೋಸ್ತ. ಎಲ್ಲರಿಗೂ ಅವರು ಉಸ್ತಾದರು. "ಬಿಗಿ ಮಾಡ್ರಿ ಉಸ್ತಾದ. ಇನ್ನಷ್ಟು ಬಿಗಿ ಮಾಡ್ರಿ. ಗಾಲಿ ಮಿಸುಕಾಡಬಾರದು!" ಅಂತ ಅಪ್ಪ ನಿಂತು ಮಾಡಿಸಿಕೊಂಡು ಬಂದ. ನಡುಕ ನಿಂತಿತು. ನಾವೆಲ್ಲ ಆ ಸಂಗತಿಯನ್ನೇ ಮರೆತೆವು.

ಮಳೆ ಮುಗಿದ ಮೇಲೆ ಸ್ಟೇರಿಂಗ್ ದಿನದಿಂದ ದಿನಕ್ಕೆ ಭಾರವಾಗತೊಡಗಿತು. ಆದರೆ ಅಪ್ಪ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಪೈಲವಾನನಾದವನು ಸ್ಟೇರಿಂಗ್ ಭಾರವಾಗಿದೆ ಅಂತ ಹೇಳುವುದೆಂದರೆ ಕೈಗೆ ಬಳೆ ತೊಟ್ಟುಕೊಂಡಂತೆ! ಬಳೆ ತೊಟ್ಟ ಕೈಗಳೇ ನಮ್ಮ ಮನೆಯಲ್ಲಿ ಎಮ್ಮೆ ಹಿಂಡುತ್ತಿದ್ದವು, ಆ ಮಾತು ಬೇರೆ. ಅಪ್ಪ ಸುತ್ತಿ ಬಳಸಿ ಕೇಳಿದ. ಖಾಸಬಾಗದ ತಾಲೀಮು ಗರಡಿಯಲ್ಲಿ ಕಸರತ್ತು ಮಾಡುತ್ತಿದ್ದ ಅತ್ತೆಯ ಮಗನಿಗೆ ಒಮ್ಮೆ ಜೀಪು ಹೊಡೆಯಲು ಕೊಟ್ಟು, "ಹೆಂಗೈತೋ ಗಾಡಿ?" ಅಂದ.

"ಹೂವಿನಂಗ ಐತಿ ಮಾಮಾ!" ಅಂದ ಆ ಗಂಡು.

ಇನ್ನೊಮ್ಮೆ ಉಸ್ತಾದರಿಂದ ಒಂದು ಸುತ್ತು ಹೊಡೆಸಿದ. ಅವರೂ ಇಳಿದು ಕೈ ಒರೆಸಿಕೊಂಡು, "ಮಖ್ಖನ್ ರೀ ಪೈಲವಾನರ, ಬೆಣ್ಣಿ!" ಅಂದರು. ಅಲ್ಲಿಗೆ ಅಪ್ಪ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಬಿಟ್ಟ. ಗಾಡಿ ಸರಿಯಾಗಿದೆ, ತನ್ನ ರಟ್ಟೆಗಳೇ ಹೋಗಿವೆ.

ಮೊದಲು ಎಣ್ಣೆ ಬಂತು. ಬೆಳಗಾದರೆ ಭುಜಕ್ಕೆ ಎಳ್ಳೆಣ್ಣೆ ತಿಕ್ಕಿಸಿಕೊಳ್ಳುವುದು. ಆಮೇಲೆ ಬಾದಾಮಿ, ಅಂಟಿನ ಉಂಡೆ. ಡಾಕ್ಟರು ಒತ್ತಿ ನೋಡಿ, "ನಿಮಗೇನೂ ಆಗಿಲ್ಲ, ಆರಾಮ ಹೋಗ್ರಿ" ಅಂದರೆ ಅಪ್ಪ ಇನ್ನಷ್ಟು ಕುಗ್ಗಿದ. "ಹೆಸರಿಲ್ಲದ ಬ್ಯಾನಿ ಅಂದ್ರ ವಯಸ್ಸು, ಮತ್ತೇನಲ್ಲ" ಅಂದ. ಮೀಸೆ ತಿರುವುವುದು ನಿಂತಿತು. ಬೆಳಗಾವಿಗೆ ಹೋಗಿ ಬಂದವನೇ ಪಡಸಾಲೆಯ ಗೋಡೆಗೆ ಆತು ಕೂತುಬಿಡುತ್ತಿದ್ದ. ಯಾರಾದರೂ ಮಾತಾಡಿಸಿದರೆ, "ನಮ್ದೇನು ಉಳೀತು? ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ" ಎನ್ನುವನು.

ಅವ್ವ ಅದಕ್ಕೂ ಮೊದಲು ಶನಿವಾರಕ್ಕೊಮ್ಮೆ ತಲೆತುಂಬ ಅಬ್ಬಲಿಗೆ ಮುಡಿದು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಪೇಟೆಗೆ ಹೋಗುತ್ತಿದ್ದವಳು. ಅದೂ ನಿಂತಿತು. "ನಮಗ್ಯಾಕ ಇನ್ನ ಅವೆಲ್ಲ?" ಅಂತ ಅವಳೂ ಆ ಗೋಡೆಗೇ ಆತು ಕೂರತೊಡಗಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇಬ್ಬರಿಗೂ ಏನ್ ದೊಡ್ಡ ರೋಗ ಬಂದೈತಿ ನಿಮಗ?" ಅಂತ ಒದರಾಡಿದೆ. ಇಬ್ಬರೂ ಗೋಡೆ ಬಿಟ್ಟು ಏಳಲಿಲ್ಲ.

ಕೊನೆಗೊಂದು ದಿನ ಅಪ್ಪ, "ಜೀಪು ಮಾರಿಬಿಡ್ತೀನಿ" ಅಂದ. ಕಾಕತಿಯ ಒಬ್ಬ ಕಂತ್ರಾಟದಾರ ಖಾಸಬಾಗದ ಗ್ಯಾರೇಜಿಗೇ ಬಂದು ಗಾಡಿ ನೋಡುವುದೆಂದು ಮಾತಾಯಿತು. ಹಳ್ಳಿಗಳ ಖೋವಾ ಬೇರೆಯವರ ಕೈಗೆ ಹೋದರೆ ಹೋಗಲಿ, ನನಗೆ ಅದರ ಚಿಂತೆ ಇರಲಿಲ್ಲ. ಜೀಪು ಹೋದರೆ ಅಪ್ಪ ಆ ಗೋಡೆ ಬಿಟ್ಟು ಮತ್ತೆ ಏಳುವುದಿಲ್ಲ, ಅವನ ಜೊತೆ ಅವ್ವನೂ ಏಳುವುದಿಲ್ಲ. ನನ್ನ ಹೆದರಿಕೆ ಅದು.

ಆ ದಿನ ಶಾಲೆಗೆ ರಜೆ ಇತ್ತು, ನಾನೂ ಹೊರಟೆ. "ಕಡೇ ಸಲ ಕುಂತು ಬರ್ತೀನಿ" ಅಂತ ಅವ್ವನೂ ಹತ್ತಿದಳು. ದಾರಿಯ ಪ್ರತಿ ತಿರುವಿನಲ್ಲೂ ಅಪ್ಪನ ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಅವ್ವ ರಸ್ತೆ ನೋಡದೆ ಅವನ ಕೈಗಳನ್ನೇ ನೋಡುತ್ತಿದ್ದಳು.

ಗ್ಯಾರೇಜಿನ ಅಂಗಳದಲ್ಲಿ ಉಸ್ತಾದರು, "ಇಳೀರಿ, ನಾ ನೆರಳಿಗೆ ಹಚ್ತೀನಿ" ಅಂತ ತಾವೇ ಹತ್ತಿ ಜೀಪನ್ನು ತಿರುಗಿಸಿ ನಿಲ್ಲಿಸಿದರು. ಇಳಿದು ಬರುವಷ್ಟರಲ್ಲಿ ಅವ್ವ ಅವರ ಮುಂದೆ ನಿಂತಿದ್ದಳು.

"ಉಸ್ತಾದರ, ಗಾಡಿ ಹೊಳ್ಳಸೂ ಮುಂದ ನೀವು ಸೀಟ್ ಬಿಟ್ಟು ಯಾಕ ಎದ್ರಿ?"

"ಎದ್ದಿಲ್ರಿ ಭಾಭಿ."

"ಎದ್ರಿ. ಹಲ್ಲೂ ಕಚ್ಚಿದ್ರಿ."

ತಾಲೀಮಿನಿಂದ ಬಂದು ನಿಂತಿದ್ದ ಅತ್ತೆಯ ಮಗ ಕಿಸಕ್ಕನೆ ನಕ್ಕ. ಅವ್ವ ಅವನ ಕಡೆ ತಿರುಗಿದಳು. "ನಗತೀ ಏನ್? ಬಾ, ನೀ ಹೊಳ್ಳಸು, ನೋಡೂಣು."

ಅವನು ಎದೆ ಉಬ್ಬಿಸಿಕೊಂಡು ಹತ್ತಿ ಕೂತ. ನಿಂತ ಗಾಡಿಯ ಸ್ಟೇರಿಂಗ್ ಹಿಡಿದು ಎಳೆದ. ಕುತ್ತಿಗೆಯ ನರ ಉಬ್ಬಿದವು, ಮುಖ ಕೆಂಪಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಹೂವಿನಂಗ… ಐತ್ರಿ… ಅತ್ತಿ" ಅಂತ ಏದುಸಿರು ಬಿಟ್ಟ.

"ಇಂಥಾ ಹೂವು ಯಾವ ತ್ವಾಟದಾಗ ಬಿಡತೈತೋ ತಮ್ಮಾ?" ಅಂದವಳೇ ಅವ್ವ ಸೆರಗು ಸಿಕ್ಕಿಸಿ, ಅವನನ್ನು ಇಳಿಸಿ ತಾನೇ ಹತ್ತಿದಳು. ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಸ್ಟೇರಿಂಗ್ ಒಂದು ಗೇಣು ಸರಿದು ನಿಂತಿತು.

"ನಾ ದಿನಾ ಮುಂಜಾನೆ ಸಂಜಿ ಎಮ್ಮಿ ಹಿಂಡಾಕಿ, ನನ್ನ ಕೈಗೇನೂ ಆಗಿಲ್ಲ. ನನಗ ಮೀಸಿ ಇಲ್ಲ, ಅದಕ್ಕ ಹೇಳ್ತೀನಿ. ಇದು ಕಲ್ಲಾಗೈತಿ. ಈಗ ಮೀಸಿ ಇದ್ದವ್ರು ಒಬ್ಬೊಬ್ಬರ ಖರೇ ಹೇಳ್ರಿ."

ಮೊದಲು ಅತ್ತೆಯ ಮಗ ನೆಲ ನೋಡುತ್ತ ಬಾಯಿಬಿಟ್ಟ. "ಅವತ್ತ ಹೊಡದ ಮರುದಿನ ತಾಲೀಮಿಗೆ ಹೋಗ್ಲಿಲ್ಲ ಮಾಮಾ. ಭುಜ ಎತ್ತಾಕ ಬರಲಿಲ್ಲ."

ಉಸ್ತಾದರು ಗಡ್ಡ ಕೆರೆದುಕೊಂಡರು. "ಪೈಲವಾನರ ಮುಂದ ಭಾರ ಐತಿ ಅಂತ ಹೆಂಗ ಹೇಳೂದ್ರಿ? ಅವರು ದಿನಾ ಹೊಡೀತಾರ. ಅಲ್ಲಾನ ಆಣಿ, ನನಗ ವಯಸ್ಸಾತು ಅನ್ಕೊಂಡಿದ್ನಿ. ಮನ್ಯಾಗ ಎಣ್ಣಿ ತಿಕ್ಕಸ್ಕೊಳ್ಳಾಕ ಹತ್ತೇನಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ನಗಲಿಲ್ಲ. ತನ್ನ ಎರಡೂ ತೋಳುಗಳನ್ನು ಮುಂದೆ ಚಾಚಿ ನೋಡಿಕೊಂಡ.

"ಅಂದ್ರ, ನನ್ನ ರಟ್ಟಿ?"

"ನಿಮ್ಮ ರಟ್ಟಿಗೆ ಏನ್ ಧಾಡಿ ಆಗೈತಿ?" ಅಂದಳು ಅವ್ವ.

ಆಮೇಲೆ ಕೆಲಸ ಶುರುವಾಯಿತು. ಮುಂಭಾಗಕ್ಕೆ ಜ್ಯಾಕ್ ಕೊಟ್ಟು ಗಾಲಿ ಬಿಚ್ಚಿದರು. ಸ್ಟೇರಿಂಗಿನ ರಾಡು ಕಳಚಿ ಉಸ್ತಾದರು ಗಾಲಿ ಕೂರುವ ಗಡ್ಡೆಯನ್ನು ಬರೀ ಕೈಯಿಂದ ನೂಕಿದರು. ಸುಲಭಕ್ಕೆ ಆಚೀಚೆ ತಿರುಗಬೇಕಾದದ್ದು ಜಪ್ಪಯ್ಯ ಅನ್ನಲಿಲ್ಲ. ಅದು ತಿರುಗುವುದು ಕಿಂಗ್‌ಪಿನ್ ಎಂಬ ಗೂಟದ ಮೇಲೆ. ಅದನ್ನು ಬಿಚ್ಚಿದರೆ ಒಳಗೆ ಹಳ್ಳದ ನೀರು ಹೊಕ್ಕು ಗ್ರೀಸು ತೊಳೆದುಹೋಗಿ ಬೇರಿಂಗುಗಳು ತುಕ್ಕು ಹಿಡಿದಿದ್ದವು. ಸಾಲದ್ದಕ್ಕೆ ಸಡಿಲ ಕೊಡಲು ಇರಬೇಕಾದ ತೆಳು ಬಿಲ್ಲೆಗಳೇ ಇರಲಿಲ್ಲ.

"ಯಾವ ಹುಚ್ಚ ರೀ ಬಿಲ್ಲಿ ತಗದು ಇಷ್ಟು ಬಿಗಿ ಮಾಡಿದವಾ?" ಅಂತ ಉಸ್ತಾದರು ಕೂಗಿದರು. ಕೂಗಿದ ಮೇಲೆ ತಮ್ಮ ಕೈಯೇ ನೆನಪಾಗಿ ಅಪ್ಪನ ಮುಖ ನೋಡಿದರು. "ಬಿಗಿ ಮಾಡ್ರಿ, ಇನ್ನಷ್ಟು ಬಿಗಿ ಮಾಡ್ರಿ" ಅಂದವನು ಅಪ್ಪ! ಅಪ್ಪ ಮೊದಲ ಸಲ ಹೋ ಎಂದು ನಕ್ಕ.

ಅತ್ತೆಯ ಮಗ ಪೇಟೆಗೆ ಓಡಿ ಹೊಸ ಬೇರಿಂಗ್ ತಂದ. ಉಸ್ತಾದರು ಎದುರಿನ ಗುಜರಿ ಅಂಗಡಿಯ ಕೊಕ್ಕೆ ತಕ್ಕಡಿಯನ್ನು ಗಡ್ಡೆಗೆ ಸಿಕ್ಕಿಸಿ ಜಗ್ಗಿ ಜಗ್ಗಿ ಬಿಗಿ ನೋಡುತ್ತ, ಒಂದೊಂದೇ ಬಿಲ್ಲೆ ಸೇರಿಸಿದರು. ಮುಷ್ಟಿಗಟ್ಟಲೆ ಗ್ರೀಸು ತುಂಬಿದರು. ಮಾಡಿದ್ದುಣ್ಣೋ ಮಹಾರಾಯ ಅನ್ನುವಂತೆ ಇಬ್ಬರು ದೋಸ್ತರೂ ಮೊಣಕೈವರೆಗೆ ಕರ್ರಗಾಗಿದ್ದರು.

ಎಲ್ಲ ಮುಗಿದ ಮೇಲೆ ಅಪ್ಪ ಹತ್ತಿ ಕೂತ. ಅಭ್ಯಾಸದಂತೆ ಉಸಿರು ಹಿಡಿದು ಸ್ಟೇರಿಂಗ್ ಎಳೆದ. ಅದು ಸರ್ರನೆ ಹೊರಳಿತು. ಈ ಕಡೆ ಹೊರಳಿಸಿದ, ಆ ಕಡೆ ಹೊರಳಿಸಿದ, ನಕ್ಕ, ನಗುತ್ತ ನಗುತ್ತಲೇ ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಒಂದು ವರ್ಷ ಸುಳ್ಳ ಸುಳ್ಳ ಮುದುಕ ಆಗಿ ಕುಂತಿದ್ನಲ್ಲ!" ಅಂದ.

"ನೀವೊಬ್ಬರ ಏನ್?" ಅಂದಳು ಅವ್ವ. "ನೀವು ಮುದುಕರಾದ್ರಿ ಅಂತ ನಾನೂ ನಿಮ್ಮ ಬಾಜೂಕ ಮುದುಕಿ ಆಗಿ ಕುಂತಿದ್ನಿ. ನಂದೊಂದು ವರ್ಷ ಯಾರು ತಂದು ಕೊಡ್ತಾರ?"

ಅಪ್ಪ ಕಣ್ಣು ಒರೆಸಿಕೊಂಡು ಪಕ್ಕದ ಸೀಟಿನ ಧೂಳು ಝಾಡಿಸಿದ. "ಹತ್ತು" ಅಂದ. ಅವ್ವ ಹತ್ತಿದಳು. ನಾನೂ ಹಿಂದೆ ಹತ್ತಲು ಹೋದರೆ ಅಪ್ಪ ಕೈ ಅಡ್ಡ ಹಿಡಿದ.

"ನೀ ಇಲ್ಲೇ ಇರ ಮಗಳ. ಕಾಕತಿಯವರು ಬರ್ತಾರ, ಏನರ ಹೇಳು. ಆಮ್ಯಾಲೆ ಬಸ್ಸಿಗೆ ಬಾ."

ಎಲಾ ಇವನ! ಹಡೆದ ಮಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಇಬ್ಬರೂ ಹೊರಟೇಬಿಟ್ಟರು. ಓಣಿಯ ತಿರುವಿನಲ್ಲಿ ಅಪ್ಪ ಬೇಕಂತಲೇ ಒಂದೇ ಕೈಯಲ್ಲಿ ಹೊರಳಿಸಿದ.

ಕಾಕತಿಯವರು ಸಂಜೆಗೆ ಬಂದರು. "ಎಲ್ಲೈತ್ರಿ ಗಾಡಿ?" ಅಂದರು.

"ಅಪ್ಪ ಅವ್ವನ್ನ ಕರಕೊಂಡು ಹೋಗ್ಯಾನ್ರಿ."

"ಹೌದೇನು? ಬರೂತನಕ ಕುಂದರ್ತೀನಿ ಬಿಡ್ರಿ" ಅಂತ ಅವರು ಬೆಂಚಿನ ಮೇಲೆ ಕೂರಲು ಹೊರಟರು. ನಾನು ನಗುತ್ತಿದ್ದೆ.

"ಕುಂದರಬ್ಯಾಡ್ರಿ, ಭಾಳ ಹೊತ್ತಾಗತೈತಿ" ಅಂದೆ. "ಒಂದು ವರ್ಷದ ತಿರುಗಾಟ ಬಾಕಿ ಐತ್ರಿ ಅವರದು."